ಹಳದಿ ತಲೆಯ ಬೋಲ್ಟು

ಲಿಫ್ಟಿನ ಪಂಜರ ಆರನೇ ಮಹಡಿ ದಾಟಿ, ಏಳನೆಯದಕ್ಕೆ ಇನ್ನೂ ಒಂದಾಳುದ್ದ ಬಾಕಿ ಇದೆ ಅನ್ನುವಾಗ ಗಕ್ಕನೆ ನಿಂತಿತು.

ಬೀಗದಕ್ಕನ ತಲೆ ಹಿಂದಿನ ಜಾಲರಿಗೆ ಬಡಿಯಿತು. ಎದುರಿಗಿದ್ದ ವೈರಿಂಗ್ ಮೇಸ್ತ್ರಿ ಎರಡೂ ಕೈಯಲ್ಲಿ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡ. ಮೋಟಾರಿನ ಸದ್ದು ಸತ್ತು, ಗಾಳಿಯ ಸದ್ದು ಕೇಳತೊಡಗಿತು.

"ಕರೆಂಟ್ ಹೋಯ್ತು," ಅಂದ ಅವನು.

ಅವನ ದನಿಯಲ್ಲಿ ಗಾಬರಿ ಬೇಕಾದಷ್ಟಿತ್ತು. ಆಶ್ಚರ್ಯ ಮಾತ್ರ ಇರಲಿಲ್ಲ. ಅದನ್ನು ಅವಳು ಗಮನಿಸಿ ಮನಸ್ಸಿನಲ್ಲಿಟ್ಟುಕೊಂಡಳು.

ಮಧ್ಯಾಹ್ನ ಒಂದೂವರೆ. ಕೆಲಸಗಾರರೆಲ್ಲ ಊಟಕ್ಕೆ ಕಟ್ಟಡದ ಹಿಂದಿನ ನೆರಳಿಗೆ ಹೋಗಿದ್ದರು. ಲಿಫ್ಟ್ ಓಡಿಸುವವನೂ ಡಬ್ಬಿ ಹಿಡಿದು ಅಲ್ಲಿಗೇ ಹೋಗಿದ್ದ. ಆ ಹೊತ್ತು ಕಾದಿದ್ದೇ ಅವಳು, ಹೊಸ ಗೇಟಿನವನಿಗೆ ಕೆಳಗಿನ ಬಟನ್ ಒತ್ತಲು ಹೇಳಿ, ಮೇಸ್ತ್ರಿಯನ್ನು ಒಂಬತ್ತನೇ ಮಹಡಿಗೆ ಹೊರಡಿಸಿದ್ದಳು. ವಾಚ್‌ಮನ್ ತಾತನನ್ನು ಬೆಳಿಗ್ಗೆ ಪೊಲೀಸರು ಕರೆದೊಯ್ದಿದ್ದರು. ಸಂಜೆಯೊಳಗೆ ನಿಜವಾದ ಕಳ್ಳನನ್ನು ತೋರಿಸದಿದ್ದರೆ ಆ ಮುದುಕ ಮನೆ ಕಾಣುವುದು ಯಾವ ಕಾಲಕ್ಕೋ.

ಮೂರು ವಾರದ ಹಿಂದೆ ಅವಳನ್ನು ಇಲ್ಲಿ ಕೆಲಸಕ್ಕೆ ಹಚ್ಚಿದ್ದು ಅದಕ್ಕೇ. ಕಟ್ಟುತ್ತಿರುವ ಒಂಬತ್ತು ಮಹಡಿಯಿಂದ ಕಂಬಿ, ತಾಮ್ರದ ಕೇಬಲ್ಲು, ಸಾರುವೆ ಕಟ್ಟುವ ಕ್ಲಾಂಪು, ಎಲ್ಲ ಇರುವೆ ಸಾಲು ಹಿಡಿದ ಹಾಗೆ ಮಾಯವಾಗುತ್ತಿದ್ದವು. ಅವಳು ಗುಜರಿ ಅಂಗಡಿಯವನ ಮಗಳು. ಕದ್ದ ಲೋಹ ಕೊನೆಗೆ ಎಲ್ಲಿ ಬಂದು ಬೀಳುತ್ತದೋ ಅಲ್ಲೇ ಹುಟ್ಟಿ, ಅಲ್ಲೇ ಓಡಾಡಿ ಬೆಳೆದವಳು. ಹಿತ್ತಾಳೆ ಯಾವುದು, ತಾಮ್ರ ಯಾವುದು ಅಂತ ಕಣ್ಣುಮುಚ್ಚಿ ಸದ್ದಿನಲ್ಲೇ ಹೇಳಬಲ್ಲವಳು. ಇಲ್ಲಿ ಸ್ಟೋರಿನ ಉಸ್ತುವಾರಿಯಾಗಿದ್ದ ಅವಳ ಭಾವ, ಅಂದರೆ ಅಕ್ಕನ ಗಂಡ, "ನಮ್ಮ ನಾದಿನಿ ಒಬ್ಬಳಿದ್ದಾಳೆ, ಕಳ್ಳನ ಹೆಜ್ಜೆ ಕಳ್ಳನಿಗಿಂತ ಮೊದಲು ಇಡ್ತಾಳೆ" ಅಂತ ಮಾಲೀಕರಿಗೆ ಹೇಳಿ ಕೆಲಸ ಕೊಡಿಸಿದ್ದ. ಎರಡು ಬೀದಿಯಾಚೆ ಅವರ ಮನೆಯಲ್ಲೇ ಅವಳ ವಾಸ.

ಬಂದ ಮೊದಲ ವಾರವೇ ಅವಳು ಸೈಟಿನ ಮೂರು ಬಾಗಿಲಲ್ಲಿ ಎರಡನ್ನು ಮುಚ್ಚಿಸಿದಳು. ಕೇಬಲ್ ಸುರುಳಿ ಬೇಕಾದ ದಿನವಷ್ಟೇ ತರಿಸಿದಳು. ಪ್ರತಿ ಮಹಡಿಯ ಲಿಫ್ಟ್ ಬಾಗಿಲಿಗೂ ಬೀಗ ಜಡಿದಳು. ಬೋಲ್ಟು, ಕ್ಲಾಂಪುಗಳ ತಲೆಗೆಲ್ಲ ಹಳದಿ ಬಣ್ಣ ಬಳಿಸಿದಳು. ಒಂದು ಕಳಚಿದರೂ ಹಲ್ಲು ಬಿದ್ದ ಬಾಯಿಯ ಹಾಗೆ ದೂರಕ್ಕೇ ಕಾಣಬೇಕು ಅಂತ. ಗುಜರಿಯವರಿಗೆ ಸುದ್ದಿ ಮುಟ್ಟಿಸಬಾರದು ಅಂತ ಕೆಲಸಗಾರರ ಫೋನುಗಳನ್ನೂ ಗೇಟಿನ ಪೆಟ್ಟಿಗೆಯಲ್ಲಿ ಇಡಿಸಿ ಅದಕ್ಕೂ ಬೀಗ ಹಾಕಿಸಿದಳು. "ನಗಬೇಡ್ರೋ, ಬಾಯಿಗೂ ಒಂದು ತಂದಾಳು" ಅಂತ ಗಾರೆಯವರು ತಮಾಷೆ ಮಾಡುತ್ತಿದ್ದರು. ಹಾಗೇ ಬೀಗದಕ್ಕ ಅನ್ನುವ ಹೆಸರು ಅಂಟಿಕೊಂಡಿತು.

"ಸರಿ ಮೇಸ್ತ್ರಿ," ಅಂದಳು ಅವಳು ಈಗ. "ಕರೆಂಟ್ ಬರೋ ತನಕ ಮಾತಾಡೋಣ. ಇದನ್ನ ನೋಡಿ."

ಚೀಲದಿಂದ ಕರಿಯ ಪ್ಲಾಸ್ಟಿಕ್ಕಿನ ಉದ್ದನೆಯ ಸಿಪ್ಪೆಯೊಂದನ್ನು ತೆಗೆದಳು. ತಾಮ್ರದ ತಂತಿಯಿಂದ ಸುಲಿದದ್ದು. ತಾತನ ಗೇಟಿನ ಗೂಡಿನಲ್ಲಿ, ಸುಲಿದ ತಾಮ್ರದ ಕಟ್ಟಿನ ಜೊತೆ ಸಿಕ್ಕಿತ್ತು.

"ತಲೆಯಿಂದ ಬುಡದ ತನಕ ಒಂದೇ ಗೀರು. ಎಲ್ಲೂ ತಡವರಿಸಿಲ್ಲ. ತಾತನ ಕೈ ನಡುಗತ್ತೆ ಮೇಸ್ತ್ರಿ. ಚಹಾ ಕೊಟ್ಟರೆ ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಅವನು ಇಷ್ಟು ಚೆಂದಕ್ಕೆ ಸುಲೀತಾನಾ?"

ಮೇಸ್ತ್ರಿ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದ.

"ಇನ್ನೊಂದು. ಚಾಕು ಓರೆಯಾಗಿ ಕಚ್ಚಿರೋ ದಿಕ್ಕು ನೋಡಿ. ಎಡಗೈಯವನು ಸುಲಿದದ್ದು. ನಮ್ಮಪ್ಪನ ಅಂಗಡೀಲಿ ಇಂಥ ಸಿಪ್ಪೆ ರಾಶಿ ರಾಶಿ ನೋಡಿದ್ದೀನಿ. ಈ ಸೈಟಲ್ಲಿ ಎಡಗೈಯಲ್ಲಿ ಚಾಕು ಹಿಡಿಯೋರು ಎಷ್ಟು ಜನ?"

ಅವನು ಅವಳ ಕಡೆ ನೋಡುತ್ತಲೇ ಇರಲಿಲ್ಲ. ಜಾಲರಿಯಾಚೆ, ಮೇಲಕ್ಕೆ, ಎಲ್ಲೋ ನೆಟ್ಟಿತ್ತು ಅವನ ದೃಷ್ಟಿ. ಕುತ್ತಿಗೆಯ ಮೇಲೆ ಬೆವರು ಹನಿಗಟ್ಟಿ ಇಳಿಯುತ್ತಿತ್ತು.

"ಮೇಸ್ತ್ರಿ, ನಾನು ಈ ಕಡೆ ಇದ್ದೀನಿ." ಅವಳು ಒಂದು ಹೆಜ್ಜೆ ಮುಂದಿಟ್ಟಳು.

"ಅಲುಗಬೇಡಿ!"

ಆ ಕೂಗಿಗೆ ಅವಳ ಕಾಲು ತಾನಾಗಿಯೇ ನಿಂತಿತು. ಆದರೆ ಅಷ್ಟು ಹೊತ್ತಿಗೆ ಆಗಬೇಕಾದ್ದು ಆಗಿತ್ತು. ಪಂಜರ ಮೆಲ್ಲಗೆ ಓಲಾಡಿತು. ಪಂಜರವೊಂದೇ ಅಲ್ಲ, ಅದು ಹತ್ತುವ ಉಕ್ಕಿನ ಕಂಬವೂ ಅದರ ಜೊತೆ ಓಲಾಡಿತು. ಗೋಡೆ ಒಂದು ಗೇಣು ದೂರ ಹೋಗಿ, ಮತ್ತೆ ಹತ್ತಿರ ಬಂತು.

ಅವಳು ಹಿಂದಿನ ಜಾಲರಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಲಿಫ್ಟಿನ ಕಂಬ ನೆಲದಿಂದ ಒಂಬತ್ತನೇ ಮಹಡಿಯವರೆಗೆ ನೆಟ್ಟಗೆ ನಿಂತಿರುವುದು ಪ್ರತಿ ಮಹಡಿಯಲ್ಲೂ ಗೋಡೆಗೆ ಬಿಗಿದ ಕಬ್ಬಿಣದ ತೋಳುಗಳ ಬಲದಿಂದ. ಒಂದೊಂದು ತೋಳಿಗೆ ನಾಲ್ಕು ಬೋಲ್ಟು. ತೋಳು ಬಿಟ್ಟರೆ ಆ ಕಂಬ ಬರೀ ಬಿದಿರುಗಳ.

ಅವಳು ಕತ್ತೆತ್ತಿ ಏಳನೇ ಮಹಡಿಯ ತೋಳು ನೋಡಿದಳು. ನಾಲ್ಕು ಹಳದಿ ತಲೆಗಳೂ ಜಾಗದಲ್ಲೇ ಇದ್ದವು. ದಿನಾ ಬೆಳಿಗ್ಗೆ ಕೆಳಗೆ ನಿಂತು ಒಂದೊಂದನ್ನೂ ಎಣಿಸುತ್ತಿದ್ದಳಲ್ಲ.

"ಎಲ್ಲಾ ಇದೆಯಲ್ಲ," ಅಂದಳು.

ಮೇಸ್ತ್ರಿ ಕಂಬಿಯಿಂದ ಒಂದು ಕೈ ಬಿಡಿಸಿ ಜೇಬಿಗೆ ಹಾಕಿದ. ಹೊರತೆಗೆದು ಅಂಗೈ ಚಾಚಿದ. ಹಳದಿ ತಲೆಯ ಬೋಲ್ಟು.

"ಎಂಟನೇ ಮಹಡೀದು. ಹಿಡೀರಿ."

ಹಿಡಿದಳು. ಹಿಡಿದ ಕೂಡಲೇ ಗೊತ್ತಾಯಿತು. ಹೂವಿನಷ್ಟು ಹಗುರ. ಉಗುರಿನಿಂದ ಕೆರೆದಳು; ಬಣ್ಣದ ಕೆಳಗೆ ಮರ. ಯಾರೋ ಕೂತು, ಸಾವಧಾನವಾಗಿ ಆರು ಮೂಲೆ ಕೆತ್ತಿ, ಬಣ್ಣ ಬಳಿದ ಮರದ ಗೂಟ.

"ಇವತ್ತು ಬೆಳಿಗ್ಗೆ ಎಂಟರಲ್ಲಿ ಕೇಬಲ್ ಎಳೀತಿದ್ದೆ," ಅಂದ ಅವನು. "ಕೈಚೀಲಾನ ತೋಳಿಗೆ ನೇತು ಹಾಕಿದೆ. ಬೋಲ್ಟೇ ಕಿತ್ತು ಕೈಗೆ ಬಂತು. ಆಮೇಲೆ ಒಂದೊಂದಾಗಿ ತಟ್ಟಿ ನೋಡಿದೆ. ಏಳು, ಎಂಟು, ಒಂಬತ್ತು, ಈ ಮೂರು ಮಹಡೀದೂ ಮರ. ಆರರಲ್ಲಿ ಎರಡು ನಿಜ, ಎರಡು ಮರ. ಐದರಿಂದ ಕೆಳಗೆ ಗಟ್ಟಿ."

"ಗೊತ್ತಿದ್ದೂ ನನ್ನ ಜೊತೆ ಹತ್ತಿದ್ರಾ?"

"ಹತ್ತದೆ ಏನ್ಮಾಡ್ಲಿ? ಬರಲ್ಲ ಅಂದ್ರೆ ಕಳ್ಳ ಅಂತೀರಿ. ಯಾಕೆ ಬರಲ್ಲ ಅಂತ ಹೇಳಿದ್ರೂ ಕಳ್ಳ ಅಂತೀರಿ." ಅವನು ಒಣಗಿದ ತುಟಿ ಸವರಿಕೊಂಡ. "ಎರಡು ಗಂಟೆಗೆ ಊಟ ಮುಗಿಸಿ ಇದೇ ಪಂಜರದಲ್ಲಿ ಇಪ್ಪತ್ತು ಜನ ಹತ್ತೋರು, ಅಕ್ಕಾ. ಅದಕ್ಕೇ ಬೀದಿಯಿಂದ ಬರೋ ಲೈನಿನ ಜೋಡಣೆ ಸಡಿಲ ಮಾಡಿ ಬಂದಿದ್ದೆ. ಸ್ವಲ್ಪ ಹೊತ್ತು ಓಡಿದ್ರೆ ಬಿಸಿಯಾಗಿ ಬಿಟ್ಕೊಳ್ಳತ್ತೆ. ಹುಡುಕೋಕೆ ಅರ್ಧ ದಿನ ಬೇಕು. ಅಷ್ಟರಲ್ಲಿ ಏನಾದ್ರೂ ದಾರಿ ಮಾಡೋಣ ಅಂತಿದ್ದೆ. ನೀವು ಅರ್ಧ ತಾಸು ಮೊದಲೇ ಬಂದು ರಟ್ಟೆ ಹಿಡಿದ್ರಿ."

"ಇಂಜಿನಿಯರ್‌ಗೆ ಬಾಯಿ ಬಿಟ್ಟು ಹೇಳಬಹುದಿತ್ತಲ್ಲ?"

"ಹೇಳಿದ್ರೆ ಪೊಲೀಸ್ರು ಎಲ್ಲರನ್ನೂ ಜಾಲಾಡ್ತಿದ್ರು. ತಾಮ್ರದ ಕಥೆನೂ ಬಿಚ್ಚಬೇಕಾಗ್ತಿತ್ತು."

ಹೇಳಿದ್ದು ಹೇಳಿಯಾಯಿತು ಅಂತ ಅವನಿಗೇ ಆಮೇಲೆ ಹೊಳೆಯಿತು. ಭುಜ ಇಳಿಬಿಟ್ಟು ನಿಂತ.

"ತಾಮ್ರ ನಂದು. ಬೋಲ್ಟು ನಂದಲ್ಲ. ನನ್ನ ಮಕ್ಕಳ ಮೇಲಾಣೆ. ತಂತಿ ಕದ್ದರೆ ಒಂದು ಮನೇಲಿ ದೀಪ ಹತ್ತಲ್ಲ, ಅಷ್ಟೇ. ಬೋಲ್ಟು ಕದ್ದರೆ ಹೆಣ ಬೀಳತ್ತೆ. ಅಷ್ಟು ವ್ಯತ್ಯಾಸ ಗೊತ್ತಿರೋ ಕಳ್ಳ ನಾನು."

"ತಾತನ ಗೂಡಲ್ಲಿ ತಾಮ್ರ ಇಟ್ಟಿದ್ದು?"

"ನಾನಲ್ಲ. ನಾನು ಸುಲಿದು ಕೊಡ್ತಿದ್ದೆ. ಕೊಟ್ಟ ಮೇಲೆ ಅದು ಎಲ್ಲಿಗೆ ಹೋಗತ್ತೆ, ಯಾರ ತಲೆಗೆ ಕಟ್ತಾರೆ ಅನ್ನೋದು ನನ್ನ ಕೈಲಿಲ್ಲ."

"ಯಾರಿಗೆ ಕೊಡ್ತಿದ್ರಿ?"

ಅವನು ಕೆಳಗೆ ಕೈ ತೋರಿಸಿದ. ನೀರಿನ ಟ್ಯಾಂಕರ್ ಒಂದು ತೊಟ್ಟಿಗೆ ನೀರು ಬಿಟ್ಟು ವಾಪಸು ಹೊರಟಿತ್ತು. ದಿನಕ್ಕೆ ನಾಲ್ಕು ಸಲ ತುಂಬಿ ಬಂದು, ಖಾಲಿಯಾಗಿ ಹೋಗುವ ಟ್ಯಾಂಕರ್. ಹೊರಗೆ ಹೋಗುವ ಪ್ರತಿ ಲಾರಿಯನ್ನೂ ತೂಗಿಸುತ್ತಿದ್ದ ಬೀಗದಕ್ಕ ಇದೊಂದನ್ನು ಬಿಟ್ಟಿದ್ದಳು. ಖಾಲಿ ಡಬ್ಬ ತೂಗುವುದೇನು ಅಂತ.

ಟ್ಯಾಂಕರ್ ಗೇಟಿನ ಉಬ್ಬು ದಾಟಿತು. ಖಾಲಿ ಡಬ್ಬ ಆ ಉಬ್ಬಿನ ಮೇಲೆ ಹಾರಿ ಬಿದ್ದು ಢಣಢಣ ಅನ್ನಬೇಕಿತ್ತು. ಸದ್ದೇ ಇಲ್ಲ. ಬಸುರಿ ಹೆಂಗಸು ಮೆಟ್ಟಿಲಿಳಿದಂತೆ ನಿಧಾನಕ್ಕೆ ಇಳಿದು ಬೀದಿ ಸೇರಿತು.

ತುಂಬಿದ ಕೊಡ ತುಳುಕುವುದಿಲ್ಲ. ಗುಜರಿಯವನ ಮಗಳಾಗಿ ಇಷ್ಟು ಸಣ್ಣ ಮಾತು ಮೂರು ವಾರ ಕಿವಿಗೆ ಬೀಳಲಿಲ್ಲವಲ್ಲ! ಅವಳಿಗೆ ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಆದರೆ ಅಲುಗುವ ಹಾಗಿರಲಿಲ್ಲ.

"ಸದ್ಯ, ಕರೆಂಟಿಲ್ಲ," ಅಂದಳು ತನಗೇ ಧೈರ್ಯ ಹೇಳಿಕೊಳ್ಳುವಂತೆ. "ಪಂಜರ ಓಡಲ್ಲ."

"ಜನರೇಟರ್ ಇದೆ. ಅದರ ಲೈನೇ ಬೇರೆ. ಅದನ್ನ ಬಿಚ್ಚೋಕೆ ಹೋಗ್ತಿದ್ದಾಗಲೇ ನೀವು ಕರೆದದ್ದು."

"ಆ ಕೆಂಪು ಬಟನ್? ಒತ್ತಿದ್ರೆ ನಿಲ್ಲಲ್ವಾ?"

"ಅದು ಸತ್ತು ವಾರ ಆಯ್ತು. ಕೆಳಗಿನ ಬಟನ್‌ದೇ ರಾಜ್ಯ. ಲಿಫ್ಟಿನವನು ಬಂದು, ಪಾಪ ನಮ್ಮನ್ನ ಬಿಡಿಸೋಣ ಅಂತ ಏಳಕ್ಕೆ ಎತ್ತಿದ ಅಂದ್ರೆ..." ಅವನು ಕತ್ತೆತ್ತಿ ಏಳರ ತೋಳಿನ ಕಡೆ ನೋಡಿದ.

ಅವಳು ಜಾಲರಿಗೆ ಬಾಯಿ ಹಚ್ಚಿ ಕೂಗಿದಳು. ಕೆಳಗೆ ನೀರು ಹೊರುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿ, ನಕ್ಕು, ಕೈ ಬೀಸಿ, ತನ್ನ ಪಾಡಿಗೆ ನಡೆದಳು.

ಫೋನ್ ತೆಗೆದಳು. ಇಂಜಿನಿಯರ್ ತಾತನ ವಿಷಯಕ್ಕೆ ಸ್ಟೇಷನ್ನಿಗೆ ಹೋದವರು, ಫೋನ್ ಬಂದ್. ಲಿಫ್ಟಿನವನ ಫೋನು, ಗಾರೆಯವರ ಫೋನು, ಬಡಗಿಯ ಫೋನು, ಎಲ್ಲ ಗೇಟಿನ ಪೆಟ್ಟಿಗೆಯೊಳಗೆ. ಅವಳದೇ ಆಜ್ಞೆ, ಅವಳದೇ ಬೀಗ. ತಾತನ ಜಾಗಕ್ಕೆ ಇವತ್ತೇ ಬಂದಿದ್ದ ಹೊಸ ಗೇಟಿನವನಿಗೆ ಹಚ್ಚಿದಳು. ಗಂಟೆ ಹೊಡೆದುಕೊಂಡೇ ಇತ್ತು, ಎತ್ತಲಿಲ್ಲ.

ಉಳಿದದ್ದು ಭಾವ. ಒಂದೇ ರಿಂಗಿಗೆ ಎತ್ತಿದ.

"ಏನಮ್ಮಾ, ಎಲ್ಲಿದ್ದೀಯಾ?"

"ಭಾವ, ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ. ಆರರ ಮೇಲೆ. ಯಾರಿಗೂ ಜನರೇಟರ್ ಹಾಕೋಕೆ ಬಿಡಬೇಡಿ. ಕಂಬದ ಬೋಲ್ಟೆಲ್ಲ ಯಾರೋ ಕಿತ್ಕೊಂಡು ಹೋಗಿದ್ದಾರೆ, ಮರದ ಗೂಟ ಸಿಗಿಸಿದ್ದಾರೆ."



"ಒಬ್ಬಳೇ ಇದ್ದೀಯಾ?"

"ವೈರಿಂಗ್ ಮೇಸ್ತ್ರಿ ಇದ್ದಾರೆ."

ಆ ಕಡೆ ಉಸಿರಿನ ಸದ್ದಷ್ಟೇ.

"ಹೆದರಬೇಡ," ಅಂದ ಭಾವ ಕೊನೆಗೆ. ಅಕ್ಕನಿಗೆ ಜ್ವರ ಬಂದಾಗ ಮಾತಾಡುತ್ತಿದ್ದ ಅದೇ ಮೆತ್ತನೆಯ ದನಿ. "ನಾನು ಜನರೇಟರ್ ಹತ್ರಾನೇ ನಿಂತಿದ್ದೀನಿ. ಒಂದು ನರಪಿಳ್ಳೆಗೂ ಮುಟ್ಟೋಕೆ ಬಿಡಲ್ಲ. ಇಬ್ಬರೂ ಅಲ್ಲೇ ಇರಿ. ಅಲುಗಾಡಬೇಡಿ. ಜನ ಕರ್ಕೊಂಡು ಬರ್ತೀನಿ."

ಫೋನ್ ಇಟ್ಟ ಮೇಲೆ ಅವಳು ಮೇಸ್ತ್ರಿಯ ಕಡೆ ತಿರುಗಿದಳು. "ಭಾವ ಅಲ್ಲೇ ಇದ್ದಾರಂತೆ. ಅಲುಗಾಡದೆ ಇರಿ ಅಂದ್ರು."

ಮೇಸ್ತ್ರಿಯ ಮುಖದಲ್ಲಿ ಇದ್ದಬದ್ದ ರಕ್ತವೂ ಇಳಿದುಹೋಯಿತು.

"ನನ್ನ ಹೆಸರು ಹೇಳಿದ್ರಲ್ಲ ಅಕ್ಕಾ."

"ಹೇಳಿದ್ರೆ ಏನಾಯ್ತು?"

ಅವನು ಮೋಟಾರಿನ ಹಿಂದಿನ ತಗಡಿನ ಮುಚ್ಚಳ ಬಿಚ್ಚತೊಡಗಿದ. ಒಳಗೆ ಮೊಳದುದ್ದದ ಕಬ್ಬಿಣದ ಹಿಡಿಕೆ. "ಬ್ರೇಕಿನದು. ಇದನ್ನ ಎತ್ತಿ ಹಿಡಿದ್ರೆ ಕರೆಂಟಿಲ್ಲದೇನೂ ಪಂಜರ ಇಳಿಯತ್ತೆ. ಒಂದೇ ಸಲ ಎತ್ತಬಾರದು, ಗೇಣು ಗೇಣಾಗಿ. ಐದರ ತೋಳು ದಾಟಿ ಇಳಿದ್ರೆ ಬದುಕಿದೆವು. ಬನ್ನಿ, ಒಬ್ಬನ ಕೈಲಾಗಲ್ಲ."

"ಭಾವ ಅಲುಗಾಡಬೇಡಿ ಅಂದಿದ್ದಾರೆ."

"ಅದಕ್ಕೇ ಹೇಳ್ತಿರೋದು."

ಬಿಸಿಲಿಗೆ ಕಾದ ಜಾಲರಿ ಬೆನ್ನಿಗೆ ಸುಡುತ್ತಿತ್ತು. ಅವಳು ಅವನ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ಗೂಟದ ಬಣ್ಣ ಬೆವರಿಗೆ ಅಂಗೈಗೆ ಹತ್ತಿಕೊಂಡಿತ್ತು. ಅದು ಬೇರೆ ಹಳದಿಯಲ್ಲ. ಅವಳೇ ಆರಿಸಿ ತರಿಸಿದ, ಸ್ಟೋರಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದ ಡಬ್ಬಿಯ ಹಳದಿ. ಆ ಕಪಾಟಿಗೆ ಎರಡೇ ಕೀಲಿ. ಒಂದು ಅವಳ ಸೊಂಟದಲ್ಲಿತ್ತು.

ಇನ್ನೊಂದರ ಯೋಚನೆಯನ್ನು ಅವಳು ಅರ್ಧದಲ್ಲೇ ಕೈಬಿಟ್ಟಳು. ಅನ್ನ ಹಾಕಿದ ಮನೆ. ಅಕ್ಕನ ಕೊರಳಿಗೇ ಸುತ್ತಿಕೊಳ್ಳುವ ಯೋಚನೆ.

"ಬೋಲ್ಟು ಯಾರು ಕಿತ್ತದ್ದು? ಹೆಸರು ಹೇಳಿ ಮೇಸ್ತ್ರಿ."

"ಹೇಳಿದ್ರೆ ನೀವು ನನ್ನ ನಂಬಲ್ಲ. ನಂಬದೆ ಇದ್ರೆ ಈ ಹಿಡಿಕೆಗೆ ಕೈ ಹಾಕಲ್ಲ. ಮೊದಲು ಇಳಿಯೋಣ. ಆಮೇಲೆ ಸ್ಟೇಷನ್ನಲ್ಲೇ ಹೇಳ್ತೀನಿ. ತಾತನ್ನ ಬಿಡಿಸೋ ಹೊಣೆ ನಂದು."

ಕಳ್ಳನ ಮಾತು. ಆದರೆ ಕಳ್ಳನ ಕಣ್ಣಲ್ಲಿ ನೀರಿತ್ತು.

ಅವಳು ಹಿಡಿಕೆಗೆ ಕೈ ಹಾಕಿದಳು.

ಇಬ್ಬರೂ ಕೂಡಿ ಎತ್ತಿದರು. ಹಲ್ಲಿನ ಚಕ್ರ ಕಿರ್ರೆಂದು ತಿರುಗಿ ಪಂಜರ ಗೇಣಷ್ಟು ಕುಸಿಯಿತು. ಬಿಟ್ಟರು. ಕಂಬ ಓಲಾಡಿ, ನಿಂತಿತು. ಮತ್ತೆ ಎತ್ತಿದರು. ಮತ್ತೊಂದು ಗೇಣು. ಮೂರನೆಯ ಸಲಕ್ಕೆ ಮೇಲಿನಿಂದ ಏನೋ ಟಣ್ ಅನ್ನದೆ, ಟಕ್ ಅಂತ ಪಂಜರದ ಚಾವಣಿಗೆ ಬಡಿದು, ಹೊರಳಿ ಕೆಳಗೆ ಬಿತ್ತು. ಹಳದಿ ಚುಕ್ಕೆಯೊಂದು ಗಿರಗಿರ ತಿರುಗುತ್ತ ಆರು ಮಹಡಿ ಇಳಿದು ಕಾಣದಾಯಿತು.

"ಏಳರದ್ದು," ಅಂದ ಮೇಸ್ತ್ರಿ. "ನೋಡಬೇಡಿ. ಎತ್ತಿ."

ಎತ್ತಿದಳು. ಅಂಗೈ ಸುಲಿದು ಉರಿಯುತ್ತಿತ್ತು. ಅವಳು ಲೆಕ್ಕ ಬಿಟ್ಟು ಗೋಡೆಯ ಇಟ್ಟಿಗೆ ಸಾಲನ್ನೇ ನೋಡುತ್ತಿದ್ದಳು. ಒಂದೊಂದು ಸಾಲೂ ಮೇಲಕ್ಕೆ ಹೋಗುವುದು ಒಂದೊಂದು ವರ್ಷದ ಹಾಗಿತ್ತು. ಆರನೇ ಮಹಡಿಯ ತೋಳು ಕಣ್ಣಿನ ಮಟ್ಟಕ್ಕೆ ಬಂತು. ಎರಡು ನಿಜ, ಎರಡು ಸುಳ್ಳು. ದಿನಾ ಬೆಳಿಗ್ಗೆ ನಾಲ್ಕೂ ಅವಳಿಗೆ ಒಂದೇ ತರಹ ಕಂಡಿದ್ದವು. ಅಲ್ಲಿನ ಬಾಗಿಲು ಪಂಜರದಿಂದ ಮೊಳ ದೂರ, ಹೊರಗಿನಿಂದ ಚಿಲಕ, ಚಿಲಕಕ್ಕೆ ಅವಳ ಬೀಗ. ಕೀಲಿ ಸೊಂಟದಲ್ಲಿದ್ದರೂ ಕೈ ಅಲ್ಲಿಗೆ ಎಟಕುವಂತಿರಲಿಲ್ಲ.

"ಇನ್ನೊಂದು ಮಹಡಿ," ಅಂದ ಮೇಸ್ತ್ರಿ ಏದುಸಿರಿನಲ್ಲಿ. "ಕಾಲು ಗಂಟೆ ಸಾಕು. ಆ ಜನರೇಟರ್ ಒಂದು ಸುಮ್ಮನಿದ್ರೆ."

ಆಗ ಅವಳ ಫೋನ್ ಹೊಡೆದುಕೊಂಡಿತು. ಅಕ್ಕ.

"ಈಗ ಬೇಡ" ಅಂತ ಅವಳು ಬಿಟ್ಟಳು. ನಿಂತು, ಮತ್ತೆ ಹೊಡೆದುಕೊಂಡಿತು. ಅಕ್ಕ ಹಾಗೆ ಎರಡೆರಡು ಸಲ ಮಾಡುವವಳಲ್ಲ. ಒಂದು ಕೈಯಲ್ಲಿ ಹಿಡಿಕೆ ಹಿಡಿದುಕೊಂಡೇ ಫೋನನ್ನು ಭುಜಕ್ಕೆ ಒತ್ತಿದಳು.

"ಅಕ್ಕಾ, ಆಮೇಲೆ ಮಾಡ್ತೀನಿ."

"ಆಮೇಲೆ ಅಲ್ಲ ಕಣೆ, ಕೇಳು." ಅಕ್ಕ ಪಿಸುಗುಡುತ್ತಿದ್ದಳು. ಹಿಂದೆ ನಲ್ಲಿ ಜೋರಾಗಿ ಸುರಿಯುವ ಸದ್ದು. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ನಿಂತಿದ್ದಳು. "ನಿಮ್ಮ ಭಾವ ಯಾಕೆ ಹೀಗೆ ಆಡ್ತಿದ್ದಾರೆ? ಮನೆಗೆ ಬಂದು ಅರ್ಧ ಗಂಟೆ ಆಯ್ತು. ಊಟ ಬೇಡ ಅಂದ್ರು. ಪೆಟ್ಟಿಗೆಗೆ ಬಟ್ಟೆ ತುಂಬ್ತಿದ್ದಾರೆ. ನೀನು ಫೋನ್ ಮಾಡಿದಾಗ ನಾನು ಕೋಣೆ ಬಾಗಿಲಲ್ಲೇ ಇದ್ದೆ. ಮಂಚದ ಮೇಲೆ ಕೂತ್ಕೊಂಡು, ಜನರೇಟರ್ ಹತ್ರ ನಿಂತಿದ್ದೀನಿ ಅಂದ್ರಲ್ಲೇ ನಿನಗೆ?"

ಬೀಗದಕ್ಕ ಜಾಲರಿಗೆ ಮುಖ ಒತ್ತಿ ಗೇಟಿನ ಕಡೆ ನೋಡಿದಳು.

ಕೆಳಗೆ, ಗೇಟಿನ ಪಕ್ಕದ ಶೆಡ್ಡಿನಲ್ಲಿ, ಏನೋ ಒಂದು ಸಲ ಕೆಮ್ಮಿತು. ಎರಡು ಸಲ ಕೆಮ್ಮಿತು. ಕರಿಯ ಹೊಗೆಯ ಉಂಡೆಯೊಂದು ತಗಡಿನ ಮಾಡಿನ ಮೇಲೆದ್ದಿತು. ಮೇಸ್ತ್ರಿ "ಎತ್ತಿ, ಎತ್ತಿ" ಅಂತ ಅರಚುತ್ತ ಹಿಡಿಕೆಗೆ ಜೋತುಬಿದ್ದ.

"ಕೇಳಿಸ್ತಿದೆಯಾ?" ಅಕ್ಕನ ದನಿ ಅಳುವಿನ ಅಂಚಿಗೆ ಬಂದಿತ್ತು. "ನೀನು ಫೋನ್ ಇಟ್ಟ ಕೂಡಲೇ ಆ ಹೊಸ ಗೇಟಿನವನಿಗೆ ಮಾಡಿದ್ರು. ಈಗಲೇ ಹಾಕು, ನಿಲ್ಲಿಸಬೇಡ, ತುದಿ ತನಕ ಎಳಿ ಅಂದ್ರು. ಏನನ್ನ ಕಣೆ ಅವರು ಮೇಲಕ್ಕೆ ಎಳೆಯೋಕೆ ಹೇಳಿದ್ದು?"